ಆಸ್ಪತ್ರೆ ಮುಚ್ಚದೆ ಜನರೇಟರ್, ಯುಪಿಎಸ್, ಪ್ಯಾನೆಲ್ ಬದಲಿಸುವುದು ಹೇಗೆ? ಮಾಡಿದವರು ದಯವಿಟ್ಟು ಹೇಳಿ

ತುಮಕೂರು ಮೆಂಟೆನೆನ್ಸ್:

ಎಲ್ಲರಿಗೂ ನಮಸ್ಕಾರ. ತುಮಕೂರಿನ 150 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. 11 ಕೆವಿ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಇದೆ, 500 ಕೆವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಇದೆ. ಬ್ಯಾಕಪ್‌ಗೆ ಇರುವುದು ಒಂದೇ 250 ಕೆವಿಎ ಡಿಜಿ (ಡೀಸೆಲ್ ಜನರೇಟರ್), ಅದೂ ಹಳೆಯದು. ಚೇಂಜ್‌ಓವರ್, ಅಂದರೆ ಲೈನಿನಿಂದ ಡಿಜಿಗೆ ಬದಲಿಸುವುದು, ಕೈಯಲ್ಲೇ ಮಾಡಬೇಕು. ಕರೆಂಟ್ ಹೋದರೆ ಆಪರೇಟರ್ ಓಡಿ ಹೋಗಿ ಡಿಜಿ ಸ್ಟಾರ್ಟ್ ಮಾಡಿ ಹ್ಯಾಂಡಲ್ ತಿರುಗಿಸಬೇಕು. ಹಗಲಲ್ಲಿ ಹೇಗೋ ನಡೆಯುತ್ತದೆ, ರಾತ್ರಿ ಎರಡು ಮೂರು ನಿಮಿಷ ಆಗಿಬಿಡುತ್ತದೆ. ಅಷ್ಟು ಹೊತ್ತು ಐಸಿಯು ನಿಂತಿರುವುದು 40 ಕೆವಿಎ ಯುಪಿಎಸ್ ಮೇಲೆ. ಅದರ ಬ್ಯಾಟರಿಗಳನ್ನು ನಾನು ನಂಬುವುದಿಲ್ಲ.

ಈ ನಡುವೆ ಸಿಟಿ ಸ್ಕ್ಯಾನ್ ಬಂತು, 10 ಕುರ್ಚಿಯ ಡಯಾಲಿಸಿಸ್ ಬಂತು, ಹೊಸ ಓಟಿ (ಆಪರೇಷನ್ ಥಿಯೇಟರ್) ಬಂತು. ಡಿಜಿ ಮಾತ್ರ ಅದೇ. ಏಪ್ರಿಲ್, ಮೇನಲ್ಲಿ ಸಂಜೆ ಗಾಳಿ ಎದ್ದರೆ ಎಲ್ಲೋ ಒಂದು ಕೊಂಬೆ ಲೈನಿನ ಮೇಲೆ ಬೀಳುತ್ತದೆ, ಫೀಡರ್ (ನಮಗೆ ಕರೆಂಟ್ ತರುವ ಲೈನ್) ಟ್ರಿಪ್ ಆಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಆಡಳಿತದವರು ಈಗ 500 ಕೆವಿಎ ಹೊಸ ಡಿಜಿಗೆ ಒಪ್ಪಿದ್ದಾರೆ. ಬೆಲೆಪಟ್ಟಿ ಕೊಡುವವರೆಲ್ಲ ಮಷಿನ್ ಬಗ್ಗೆ ಮಾತ್ರ ಹೇಳುತ್ತಾರೆ. ಯಾವಾಗಲೂ ನಾಲ್ಕೈದು ಜನ ವೆಂಟಿಲೇಟರ್ ಮೇಲಿರುವ ಕಟ್ಟಡದಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಸೇರಿಸುವುದು ಹೇಗೆ ಅಂತ ಕೇಳಿದರೆ "ಅದೆಲ್ಲ ಮಾಡ್ತೀವಿ ಸಾರ್" ಅನ್ನುತ್ತಾರೆ. ನನಗೆ ಆ ಉತ್ತರ ಸಾಲದು.

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ಸರಿಯಾದ ಪ್ರಶ್ನೆ ಕೇಳಿದ್ದೀರಿ ಸಾರ್. ಹೊಸ ಡಿಜಿ ಕೆಡುವುದು ಅಪರೂಪ. ಜೀವಕ್ಕೆ ಅಪಾಯ ಇರುವುದು ಹಳೆಯ ಪ್ಯಾನೆಲ್‌ನಿಂದ (ಕರೆಂಟ್ ಹಂಚುವ ಸ್ವಿಚ್ ಬೋರ್ಡ್) ಹೊಸ ಪ್ಯಾನೆಲ್‌ಗೆ ಕೇಬಲ್ ಸರಿಸುವ ಆ ಕೆಲವು ಗಂಟೆಗಳಲ್ಲಿ. ಅದಕ್ಕೆ ಮೊದಲು ಅಳತೆ ಆಗಬೇಕು.

500 ಅಂತ ಯಾರು ಹೇಳಿದರು? ಟ್ರಾನ್ಸ್‌ಫಾರ್ಮರ್ 500 ಇದೆ ಅಂತ ಡಿಜಿನೂ 500 ಬರೆದಿರುತ್ತಾರೆ. ನಿಮ್ಮ ಎಚ್‌ಟಿ ಬಿಲ್ ತೆಗೆಯಿರಿ. ಅದರಲ್ಲಿ ಪ್ರತಿ ತಿಂಗಳ ಗರಿಷ್ಠ ಬೇಡಿಕೆ ಕೆವಿಎ ಲೆಕ್ಕದಲ್ಲಿ ಇರುತ್ತದೆ. ಒಂದು ವರ್ಷದ್ದು ಸಾಲಾಗಿ ಬರೆದುಕೊಳ್ಳಿ, ಬೇಸಿಗೆ ತಿಂಗಳು ನೋಡಿ. ಆಮೇಲೆ ಪ್ಯಾನೆಲ್‌ನಿಂದ ಹೊರಡುವ ಒಂದೊಂದು ಫೀಡರ್‌ಗೂ ಲೋಡ್ ಲಾಗರ್ (ಬಳಕೆ ದಾಖಲಿಸುವ ಮೀಟರ್) ಕಟ್ಟಿ ವಾರಗಟ್ಟಲೆ ಬಿಡಿ. ಐಸಿಯು, ಓಟಿ, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು), ಆಕ್ಸಿಜನ್ ಪ್ಲಾಂಟ್, ವ್ಯಾಕ್ಯೂಮ್ ಪಂಪ್, ಲಿಫ್ಟ್, ಫೈರ್ ಪಂಪ್, ಎಸಿ ಯಾವುದು ಎಷ್ಟು ಎಳೆಯುತ್ತದೆ ಅಂತ ಬಿಡಿಬಿಡಿಯಾಗಿ ಗೊತ್ತಾಗಬೇಕು.

ನಾನಾದರೆ ಒಂದು 500 ಬದಲು ಎರಡು 320 ಹಾಕಿಸುತ್ತೇನೆ. ಒಂದು ಕೆಟ್ಟರೆ ಅಥವಾ ಸರ್ವೀಸ್‌ಗೆ ನಿಂತರೆ ಇನ್ನೊಂದು ಪೂರ್ತಿ ಜೀವರಕ್ಷಕ ಲೋಡ್ ಹೊರುತ್ತದೆ. ಎಸಿ, ಲಾಂಡ್ರಿ, ಗೀಸರ್ ತಾನಾಗಿ ಕಟ್ ಆಗುವಂತೆ ಪ್ಯಾನೆಲ್‌ನಲ್ಲೇ ಆದ್ಯತೆ ಬರೆಸಬಹುದು. ಇನ್ನೊಂದು ವಿಷಯ, ರಾತ್ರಿ ಲೋಡ್ ಕಡಿಮೆ ಇದ್ದಾಗ 500ರ ಮಷಿನ್ ಶೇ. 20ರಲ್ಲಿ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರ್‌ನಿಂದ ಕಪ್ಪು ಎಣ್ಣೆ ಜಿನುಗಲು ಶುರುವಾಗುತ್ತದೆ. ಶೇ. 30ಕ್ಕಿಂತ ಕೆಳಗೆ ಓಡಿಸುವುದು ಎಂಜಿನ್‌ಗೆ ಒಳ್ಳೆಯದಲ್ಲ. ಎರಡು ಇದ್ದರೆ ರಾತ್ರಿ ಒಂದೇ ಓಡುತ್ತದೆ.

ಮಧುಗಿರಿಯ ಓದುಗ:

ಸಾರ್, ನಾನು ಈ ಕ್ಷೇತ್ರದವನಲ್ಲ. ನಮ್ಮ ತಾಯಿ ಐಸಿಯುನಲ್ಲಿ ಇದ್ದಾಗ ಕರೆಂಟ್ ಹೋಗಿ ಬಂದದ್ದು ನೋಡಿದ್ದೇನೆ, ಅದಕ್ಕೆ ಓದುತ್ತಿದ್ದೇನೆ. ಬೆಸ್ಕಾಂನವರು ಆಸ್ಪತ್ರೆಗೆ ಎಕ್ಸ್‌ಪ್ರೆಸ್ ಫೀಡರ್ (ಬೇರೆಯವರಿಗೆ ಹಂಚದ ನೇರ ಲೈನ್) ಕೊಟ್ಟರೆ ಈ ಡಿಜಿ ಗೋಳೇ ಇರುವುದಿಲ್ಲ ಅಲ್ವಾ?

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ಕಡಿತ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಎರಡು ಫೀಡರ್ ತಂದರೂ ಎರಡೂ ಒಂದೇ ಸಬ್‌ಸ್ಟೇಷನ್‌ನಿಂದ ಬಂದಿದ್ದರೆ ಅಲ್ಲಿ ತೊಂದರೆಯಾದ ದಿನ ಎರಡೂ ಹೋಗುತ್ತವೆ. ನಮ್ಮ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಅವತ್ತಿನಿಂದ ಇವತ್ತಿನವರೆಗೂ ದೂರದಿಂದ ಕಂಬದ ಮೇಲೆ ಬರುವ ಕರೆಂಟ್ ಗಾಳಿ ಮಳೆಗೆ ಸಿಕ್ಕೇ ಸಿಗುತ್ತದೆ. ಆಸ್ಪತ್ರೆಗೆ ಅದರ ಕಾಂಪೌಂಡ್ ಒಳಗೇ ಒಂದು ಮೂಲ ಇರಬೇಕು.

ಚಿಕ್ಕಬಳ್ಳಾಪುರ ಬಯೋಮೆಡಿಕಲ್:

ಡಿಜಿಗಿಂತ ಮುಂಚೆ ಯುಪಿಎಸ್ ಬಗ್ಗೆ ಮಾತಾಡೋಣ. ಆಟೋಮ್ಯಾಟಿಕ್ ಪ್ಯಾನೆಲ್ ಹಾಕಿದರೂ ಡಿಜಿ ಲೋಡ್ ತೆಗೆದುಕೊಳ್ಳಲು 10ರಿಂದ 15 ಸೆಕೆಂಡ್ ಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ನಿಯಮ ಜೀವರಕ್ಷಕ ಲೋಡ್‌ಗೆ 10 ಸೆಕೆಂಡ್ ಹೇಳುತ್ತದೆ. ವೈದ್ಯಕೀಯ ಜಾಗಗಳ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ನಿಯಮದಲ್ಲಿ ಓಟಿ ಟೇಬಲ್ ಮೇಲಿನ ದೀಪಕ್ಕೆ ಅರ್ಧ ಸೆಕೆಂಡ್ ಮಾತ್ರ. ಆ ಅಂತರ ತುಂಬುವುದು ಬ್ಯಾಟರಿಯೇ. ನೀವು ಬ್ಯಾಟರಿ ನಂಬುವುದಿಲ್ಲ ಅಂದಿರಿ, ಹಾಗಿದ್ದರೆ ಇವತ್ತಿನ ಮೊದಲ ಕೆಲಸ ಅದೇ. ಡಿಜಿ ಬರುವವರೆಗೆ ಕಾಯಬೇಡಿ.

ಎಸ್‌ಎಂಎಫ್ ಬ್ಯಾಟರಿ (ನೀರು ಹಾಕಬೇಕಿಲ್ಲದ ಮುಚ್ಚಿದ ಸೀಸದ ಬ್ಯಾಟರಿ) 25 ಡಿಗ್ರಿಗೆ ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ಎಷ್ಟೋ ಕಡೆ ಯುಪಿಎಸ್ ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ, ಗಾಳಿಯೇ ಆಡದ ಜಾಗದಲ್ಲಿ ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕೈ ಇಡಲು ಆಗುವುದಿಲ್ಲ. ಸರಣಿಯಲ್ಲಿ ಒಂದು ಬ್ಯಾಟರಿ ಸತ್ತರೆ ಪೂರ್ತಿ ಸಾಲು ಸತ್ತ ಹಾಗೆ, ಆದರೆ ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ನೋಡಿದರೆ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತದೆ. ಲೋಡ್ ಕೊಟ್ಟು ಡಿಸ್ಚಾರ್ಜ್ ಮಾಡಿದಾಗಷ್ಟೇ ನಿಜ ಹೊರಬರುವುದು. ಕನಿಷ್ಠ ಎರಡು ಸಾಲು ಇಡಿಸಿ. ಲಿಥಿಯಂ ಹಾಕಿಸಲು ದುಡ್ಡಿದ್ದರೆ ಹಾಕಿಸಿ, ಶಾಖ ಸ್ವಲ್ಪ ಜಾಸ್ತಿ ತಡೆಯುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಅದರ ಚಾರ್ಜಿಂಗ್ ನಿಮ್ಮ ಹಳೆಯ ಯುಪಿಎಸ್‌ಗೆ ಹೊಂದುತ್ತದೆಯಾ ಅಂತ ತಯಾರಕರಿಂದ ಬರಹದಲ್ಲಿ ತೆಗೆದುಕೊಳ್ಳಿ.

ಓಟಿ ಮತ್ತು ಐಸಿಯುನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಅಲ್ಲಿಯ ಕರೆಂಟನ್ನು ಮೇನ್ಸ್‌ನಿಂದ ಬೇರೆಯಾಗಿ ಇಡುವಂಥದು) ಇದೆಯಾ? ಇದ್ದರೆ ಅದರ ಇನ್ಸುಲೇಷನ್ ಮಾನಿಟರ್‌ನ ಟೆಸ್ಟ್ ಬಟನ್ ಒತ್ತಿ ನೋಡಿ. ಮೊದಲ ಸಲ ಅರ್ಥ್ ಫಾಲ್ಟ್ ಆದಾಗ ಟ್ರಿಪ್ ಆಗದೆ ಅಲಾರಂ ಮಾತ್ರ ಹೊಡೆಯಬೇಕು, ಆಪರೇಷನ್ ನಡುವೆ ಕರೆಂಟ್ ಹೋಗಬಾರದು, ಅದಕ್ಕೇ ಆ ಟ್ರಾನ್ಸ್‌ಫಾರ್ಮರ್ ಇರುವುದು. ಅಲಾರಂ ಕಿರಿಕಿರಿ ಅಂತ ಮ್ಯೂಟ್ ಮಾಡಿ ಬಿಟ್ಟ ಕಡೆಗಳನ್ನು ನೋಡಿದ್ದೇನೆ. ನೋಡಿದರೆ ಸಿಟ್ಟು ಬರುತ್ತದೆ.

ಐಸಿಯು ಸಿಸ್ಟರ್, ತುಮಕೂರು:

ನೀವೆಲ್ಲ ಕೆವಿಎ ಲೆಕ್ಕದಲ್ಲಿ ಇದ್ದೀರಿ, ಹಾಸಿಗೆ ಪಕ್ಕ ನಿಂತು ನೋಡುವವರ ಮಾತನ್ನೂ ಸೇರಿಸಿಕೊಳ್ಳಿ ಅಣ್ಣ.

ಕೆಂಪು ಸಾಕೆಟ್ ಯುಪಿಎಸ್‌ದು, ಬಿಳಿದು ಸಾಧಾರಣ ಕರೆಂಟ್‌ದು ಅಂತ ಗೋಡೆ ಮೇಲೆ ಬರೆದಿರುತ್ತದೆ. ಮಧ್ಯೆ ಯಾವಾಗಲೋ ರಿಪೇರಿ ಆಗಿರುತ್ತದೆ, ಕೆಂಪು ಸಾಕೆಟ್ ಹಿಂದೆ ಯಾವ ವೈರ್ ಬಂದಿದೆ ಯಾರಿಗೂ ಗೊತ್ತಿರುವುದಿಲ್ಲ. ನೀವು ಕೆಲಸ ಶುರು ಮಾಡುವ ಮೊದಲು ನಮ್ಮಲ್ಲಿ ಒಬ್ಬರನ್ನು ಕರೆದುಕೊಂಡು ಒಂದೊಂದು ಹಾಸಿಗೆಗೂ ಬಂದು ಪ್ರತಿ ಸಾಕೆಟ್ ಪರೀಕ್ಷೆ ಮಾಡಿ ನಂಬರ್ ಅಂಟಿಸಿ. ಕೆಂಪು ಸಾಕೆಟ್‌ನಲ್ಲಿ ಸಂಬಂಧಿಕರ ಮೊಬೈಲ್ ಚಾರ್ಜರ್, ಏರ್ ಬೆಡ್ ಪಂಪ್, ಕೆಲವು ಸಲ ಕೆಟಲ್ ಕೂಡ ಇರುತ್ತದೆ. ಅದನ್ನೆಲ್ಲ ತೆಗೆಸುವುದು ನಮ್ಮ ಜವಾಬ್ದಾರಿ, ಆದರೆ ಬೇರೆ ಕಡೆ ಪಾಯಿಂಟ್ ಕೊಟ್ಟರೆ ತಾನೇ ತೆಗೆಸಲು ಆಗುವುದು?

ವೆಂಟಿಲೇಟರ್‌ಗೆ ಒಳಗೇ ಬ್ಯಾಟರಿ ಇದೆ ಅಂತ ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ. ಹೊಸ ಮಷಿನ್‌ನಲ್ಲಿ ಸರಿ. ಹಳೆಯದರಲ್ಲಿ ಪೂರ್ತಿ ಚಾರ್ಜ್ ತೋರಿಸಿ ಸ್ವಲ್ಪ ಹೊತ್ತಿಗೇ ಅಲಾರಂ ಶುರುವಾಗುತ್ತದೆ. ಸಿರಿಂಜ್ ಪಂಪ್‌ಗಳೂ ಹಾಗೆಯೇ. ಬಿಪಿ ಔಷಧಿ ಹೋಗುತ್ತಿರುವ ಪಂಪ್ ನಿಂತರೆ ರೋಗಿಯ ಬಿಪಿ ಬಿದ್ದೇ ಬಿಡುತ್ತದೆ, ಅದಕ್ಕೆ ಜಾಸ್ತಿ ಸಮಯ ಬೇಕಾಗಿಲ್ಲ. ಮತ್ತೆ ವ್ಯಾಕ್ಯೂಮ್ ಪಂಪ್ ನಿಂತರೆ ಸಕ್ಷನ್ ಹೋಗುತ್ತದೆ ಅನ್ನುವುದನ್ನು ಎಲೆಕ್ಟ್ರಿಕಲ್‌ನವರು ಮರೆತೇಬಿಡುತ್ತಾರೆ. ಕಾಲಿನಲ್ಲಿ ಒತ್ತುವ ಸಕ್ಷನ್ ಮಷಿನ್, ಪ್ರತಿ ಹಾಸಿಗೆಗೂ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ), ತುಂಬಿದ ಆಕ್ಸಿಜನ್ ಸಿಲಿಂಡರ್ ಆ ದಿನ ಹತ್ತಿರವೇ ಇರಬೇಕು.

ಡಯಾಲಿಸಿಸ್ ಟೆಕ್ನೀಷಿಯನ್, ಗೌರಿಬಿದನೂರು:

ಸಿಸ್ಟರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನಮ್ಮ ಮಷಿನ್‌ನಲ್ಲಿ ಬ್ಯಾಟರಿ ಇದ್ದರೆ ಕೆಲವು ನಿಮಿಷ ಬ್ಲಡ್ ಪಂಪ್ ತಿರುಗುತ್ತದೆ, ಡಯಾಲಿಸಿಸ್ ನಡೆಯುವುದಿಲ್ಲ. ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ನಿಂತರೆ ನೀರೇ ಇಲ್ಲ. ಹೊರಗಿನ ಟ್ಯೂಬ್ ಮತ್ತು ಡಯಲೈಸರ್‌ನಲ್ಲಿ ಸುಮಾರು 200 ಮಿಲಿ ರಕ್ತ ಇರುತ್ತದೆ. ತಿರುಗದೆ ನಿಂತರೆ ಹೆಪ್ಪುಗಟ್ಟುತ್ತದೆ. ಕೈಯಲ್ಲಿ ತಿರುಗಿಸುವ ಹಿಡಿ ಇದೆ, ಆದರೆ 10 ಜನ ಒಟ್ಟಿಗೆ ಮಲಗಿದ್ದರೆ ತಿರುಗಿಸಲು 10 ಜನ ಬೇಕು. ಮೊದಲೇ ರಕ್ತಹೀನತೆ ಇರುವ ರೋಗಿಗಳು ಇವರು. ಡಯಾಲಿಸಿಸ್ ಬಿಡುವು ಇರುವ ಹೊತ್ತಲ್ಲೇ ಕೆಲಸ ಇಟ್ಟುಕೊಳ್ಳಿ ಸಾರ್. ಆರ್‌ಓ ಪ್ಲಾಂಟ್ ಡಿಜಿ ಫೀಡರ್ ಮೇಲೆ ಇದೆಯಾ ನೋಡಿ, ಅದನ್ನು "ಮೋಟಾರ್" ಅಂತ ಬರೆದು ಎಸಿ ಜೊತೆ ಸೇರಿಸಿರುತ್ತಾರೆ.

ತುಮಕೂರು ಮೆಂಟೆನೆನ್ಸ್:

ಈಗಲೇ ಹೋಗಿ ನೋಡಿ ಬಂದೆ. ನಮ್ಮ ಆರ್‌ಓ ಪ್ಲಾಂಟ್ ಡಿಜಿ ಮೇಲೆ ಇಲ್ಲ. ತುಂಬಾ ಥ್ಯಾಂಕ್ಸ್.

ಕೇಬಲ್ ಸರಿಸುವ ದಿನದ ಬಗ್ಗೆ ಹೇಳಿ. ರಾತ್ರಿ 2 ಗಂಟೆಗೆ ಮಾಡೋಣ, ಲೋಡ್ ಕಡಿಮೆ ಇರುತ್ತದೆ ಅಂತ ನಮ್ಮ ಕಡೆಯ ವೆಂಡರ್ ಹೇಳುತ್ತಿದ್ದಾರೆ.

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ನಾವೂ ಸಾಮಾನ್ಯವಾಗಿ ರಾತ್ರಿಯೇ ಮಾಡುವುದು. ಓಟಿ ಇರುವುದಿಲ್ಲ, ಸಿಟಿ ಇರುವುದಿಲ್ಲ, ಎಸಿ ಕಡಿಮೆ.

ಐಸಿಯು ಸಿಸ್ಟರ್, ತುಮಕೂರು:

ದಯವಿಟ್ಟು ಬೇಡ. ರಾತ್ರಿ 2 ಗಂಟೆಗೆ ಲೋಡ್ ಕಡಿಮೆ ನಿಜ, ಕೈಗಳೂ ಕಡಿಮೆ. ಒಬ್ಬರು ಡ್ಯೂಟಿ ಡಾಕ್ಟರ್ ಇರುತ್ತಾರೆ, ಅವರೇ ಎಮರ್ಜೆನ್ಸಿಗೂ ಓಡಬೇಕು. ನಾಲ್ಕು ವೆಂಟಿಲೇಟರ್ ಒಟ್ಟಿಗೆ ನಿಂತರೆ ಅಂಬು ಒತ್ತಲು ನಾಲ್ಕು ಜನ ಬೇಕು, ಔಷಧಿ ನೋಡಲು ಇನ್ನಿಬ್ಬರು. ಎಲ್ಲಿಂದ ತರೋದು? ನಿಮ್ಮ ಕೆಲಸದವರಿಗೂ ಆ ಹೊತ್ತಲ್ಲಿ ನಿದ್ದೆ ಎಳೆಯುತ್ತಿರುತ್ತದೆ, ಕೇಬಲ್ ತುದಿಯ ಒಂದು ಲಗ್ ಸುಟ್ಟರೆ ತರಲು ಅಂಗಡಿ ತೆರೆದಿರುವುದಿಲ್ಲ. ಭಾನುವಾರ ಬೆಳಗ್ಗೆ ಮಾಡಿ. ಎಂಟು ಗಂಟೆಗೆ ರಾತ್ರಿ ಶಿಫ್ಟ್ ಹೋಗುತ್ತದೆ, ಬೆಳಗಿನ ಶಿಫ್ಟ್ ಬರುತ್ತದೆ, ಎರಡೂ ಶಿಫ್ಟ್‌ನವರನ್ನು ಸ್ವಲ್ಪ ಹೊತ್ತು ಜೊತೆಗೆ ಇರಿಸಿಕೊಳ್ಳಬಹುದು. ಪ್ಲಾನ್ ಮಾಡಿದ ಆಪರೇಷನ್ ಇರುವುದಿಲ್ಲ, ಹೊರರೋಗಿಗಳೂ ಇರುವುದಿಲ್ಲ.

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ಸಿಸ್ಟರ್ ಹೇಳಿದ್ದು ಸರಿ. ಐಸಿಯು, ಎನ್‌ಐಸಿಯು ಫೀಡರ್‌ಗೆ ಭಾನುವಾರ ಬೆಳಗ್ಗೆಯೇ ಒಳ್ಳೆಯದು. ಎಸಿ, ಲಾಂಡ್ರಿ, ಆಫೀಸ್ ಫೀಡರ್ ರಾತ್ರಿ ಮಾಡಿಕೊಳ್ಳಬಹುದು.

ಕೆಲಸದ ಕ್ರಮ ಹೇಳುತ್ತೇನೆ. ಹಳೆಯ ಪ್ಯಾನೆಲ್ ಮುಟ್ಟಬೇಡಿ, ಅದು ನಡೆಯುತ್ತಿರಲಿ. ಹೊಸ ಪ್ಯಾನೆಲ್, ಹೊಸ ಡಿಜಿಗಳನ್ನು ಬೇರೆ ಜಾಗದಲ್ಲಿ ಪೂರ್ತಿ ಕಟ್ಟಿ ಮುಗಿಸಿ. ಆಸ್ಪತ್ರೆಯ ಒಂದು ಬಲ್ಬ್ ಕೂಡ ಸೇರಿಸುವ ಮೊದಲು ಬಾಡಿಗೆ ಲೋಡ್ ಬ್ಯಾಂಕ್ (ಪರೀಕ್ಷೆಗೆ ಕೃತಕ ಲೋಡ್ ಕೊಡುವ ಮಷಿನ್) ತರಿಸಿ ಎರಡೂ ಮಷಿನ್‌ಗಳನ್ನು ಬೇರೆಬೇರೆಯಾಗಿ, ಆಮೇಲೆ ಜೊತೆಯಾಗಿ ಓಡಿಸಿ ನೋಡಿ. ಒಂದನ್ನು ನಡುವೆ ನಿಲ್ಲಿಸಿ, ಇನ್ನೊಂದು ಲೋಡ್ ಹಿಡಿಯುತ್ತದೆಯಾ, ಎಸಿ ತಾನಾಗಿ ಕಳಚಿಕೊಳ್ಳುತ್ತದೆಯಾ ನೋಡಿ. ಇಷ್ಟಾದ ಮೇಲೆ ಒಂದೊಂದೇ ಫೀಡರ್ ಸರಿಸುತ್ತಾ ಬನ್ನಿ. ಮೊದಲು ಆಫೀಸ್ ಬ್ಲಾಕ್, ಆಮೇಲೆ ವಾರ್ಡ್‌ಗಳು, ಐಸಿಯು ಕೊನೆಗೆ. ಅಷ್ಟು ಹೊತ್ತಿಗೆ ನಿಮ್ಮ ಹುಡುಗರ ಕೈ ಪಳಗಿರುತ್ತದೆ, ಪ್ಯಾನೆಲ್‌ನ ಸಣ್ಣಪುಟ್ಟ ತೊಂದರೆ ಹೊರಬಿದ್ದಿರುತ್ತದೆ. ಐಸಿಯು ಸರಿಸುವ ದಿನ ಯುಪಿಎಸ್ ಇನ್‌ಪುಟ್‌ಗೆ ಬಾಡಿಗೆ ಡಿಜಿಯಿಂದ ತಾತ್ಕಾಲಿಕ ಕೇಬಲ್ ಎಳೆದು, ಆ ಡಿಜಿ ಆಗಲೇ ಓಡುತ್ತಿರುವ ಸ್ಥಿತಿಯಲ್ಲಿ ಕೆಲಸ ಶುರು ಮಾಡಿ. ಯಾವ ಕ್ಷಣದಲ್ಲೂ ಐಸಿಯುಗೆ ಎರಡು ದಾರಿ ಇರಬೇಕು. ಒಂದೇ ದಾರಿ ಉಳಿಯುತ್ತದೆ ಅನ್ನುವ ಹೆಜ್ಜೆ ಪ್ಲಾನ್‌ನಲ್ಲಿ ಎಲ್ಲಾದರೂ ಕಂಡರೆ ಅಲ್ಲಿ ನಿಲ್ಲಿಸಿ, ಪ್ಲಾನ್ ಬದಲಿಸಿ.

ಪ್ರತಿ ಫೀಡರ್ ಸರಿಸಿದಾಗಲೂ ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದು ನೋಡಿ. ಎರಡು ಫೇಸ್ ಅದಲುಬದಲಾದರೆ ಬಲ್ಬ್ ಎಂದಿನಂತೆ ಉರಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ವ್ಯಾಕ್ಯೂಮ್ ಪಂಪ್, ಎಎಚ್‌ಯು (ಎಸಿ ಗಾಳಿ ಕಳಿಸುವ ಘಟಕ) ಫ್ಯಾನ್, ನೀರಿನ ಪಂಪ್ ಉಲ್ಟಾ ತಿರುಗುತ್ತವೆ.

ಚಿಕ್ಕಬಳ್ಳಾಪುರ ಬಯೋಮೆಡಿಕಲ್:

ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಬಗ್ಗೆಯೂ ಬರೆಯಿರಿ, ಅದೇ ದೊಡ್ಡದು.

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ಹೌದು. ನಾಲ್ಕು ಪೋಲ್ ಚೇಂಜ್‌ಓವರ್ ಹಾಕಿದರೆ ಬದಲಾಗುವ ಆ ಒಂದು ಗಳಿಗೆ ನ್ಯೂಟ್ರಲ್ ಕೂಡ ಕಳಚುತ್ತದೆ. ಯುಪಿಎಸ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ಅದರ ನ್ಯೂಟ್ರಲ್‌ಗೆ ಆಧಾರ ಇರುವುದಿಲ್ಲ, ತೇಲುತ್ತದೆ. ಹಾಗಾದಾಗ 230 ವೋಲ್ಟ್ ಇರಬೇಕಾದ ಸಾಕೆಟ್‌ನಲ್ಲಿ 300, 350 ಬರಬಹುದು, ಕೆಟ್ಟ ಸಂದರ್ಭದಲ್ಲಿ 400ರ ಹತ್ತಿರ ಹೋಗುತ್ತದೆ. ಮಾನಿಟರ್, ವೆಂಟಿಲೇಟರ್ ಬೋರ್ಡ್ ಎಲ್ಲ ಒಟ್ಟಿಗೆ ಸುಡುತ್ತವೆ. ಇದಕ್ಕೆ ಯುಪಿಎಸ್ ಔಟ್‌ಪುಟ್‌ನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು ಅಲ್ಲೇ ನ್ಯೂಟ್ರಲ್ ಅರ್ಥ್ ಮಾಡಬೇಕು, ಇಲ್ಲವೇ ಹೊಸ ನ್ಯೂಟ್ರಲ್ ಸೇರಿದ ಮೇಲೆಯೇ ಹಳೆಯದು ಬಿಡುವಂಥ ಚೇಂಜ್‌ಓವರ್ ತೆಗೆದುಕೊಳ್ಳಬೇಕು. ಡಿಜಿಯ ನ್ಯೂಟ್ರಲ್‌ಗೆ ಬೇರೆಯೇ ಎರಡು ಅರ್ಥ್ ಪಿಟ್, ಡಿಜಿಯ ಲೋಹದ ಹೊರಮೈಗೆ ಬೇರೆ ಎರಡು.

ಇನ್ನೊಂದು, ಪವರ್ ಫ್ಯಾಕ್ಟರ್‌ಗೆ ಹಾಕಿದ ಕೆಪಾಸಿಟರ್ ಪ್ಯಾನೆಲ್ ಡಿಜಿ ಓಡುವಾಗ ತಾನಾಗಿ ಆಫ್ ಆಗಬೇಕು. ಕಡಿಮೆ ಲೋಡ್‌ನಲ್ಲಿ ಕೆಪಾಸಿಟರ್ ಸೇರಿಕೊಂಡೇ ಇದ್ದರೆ ಆಲ್ಟರ್ನೇಟರ್ ವೋಲ್ಟೇಜ್ ಏರಿ ಡಿಜಿ ಟ್ರಿಪ್ ಆಗುತ್ತದೆ. ಹೊಸ ಡಿಜಿಯೇ ಸರಿ ಇಲ್ಲ ಅಂತ ಕಂಪನಿಯವರ ಜೊತೆ ಜಗಳ ಶುರುವಾಗುವುದು ಇಲ್ಲಿಂದಲೇ.

ಪಾವಗಡದ ಸೋಲಾರ್ ಟೆಕ್ನೀಷಿಯನ್:

ನಮ್ಮ ತಾಲ್ಲೂಕಲ್ಲೇ 2050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಆಸ್ಪತ್ರೆ ತಾರಸಿ ಮೇಲೆ ಪ್ಯಾನೆಲ್ ಹಾಕಿದರೆ ಕರೆಂಟ್ ಹೋದಾಗ ಉಪಯೋಗ ಆಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಸಾಧಾರಣ ಗ್ರಿಡ್ ಇನ್ವರ್ಟರ್ ಆದರೆ ಆಗುವುದಿಲ್ಲ. ಲೈನ್‌ಮನ್ ಕಂಬ ಹತ್ತಿದಾಗ ಶಾಕ್ ಹೊಡೆಯಬಾರದು ಅಂತ ಗ್ರಿಡ್ ಹೋದ ತಕ್ಷಣ ಅದೂ ನಿಲ್ಲುವಂತೆ ಮಾಡಿದ್ದಾರೆ. ಡಿಜಿ ಕರೆಂಟನ್ನೇ ಗ್ರಿಡ್ ಅಂದುಕೊಂಡು ಅದು ಮತ್ತೆ ಶುರುವಾದರೆ, ಮಧ್ಯಾಹ್ನ ಬಿಸಿಲಲ್ಲಿ ಲೋಡ್‌ಗಿಂತ ಸೋಲಾರ್ ಜಾಸ್ತಿಯಾಗಿ ಡಿಜಿಗೆ ಕರೆಂಟ್ ಹಿಂದಕ್ಕೆ ಹೋಗುತ್ತದೆ. ಸೋಲಾರ್ ಇದ್ದರೆ ಡಿಜಿ ಜೊತೆ ಹೊಂದಿಸುವ ಕಂಟ್ರೋಲರ್ ಹಾಕಿಸಿ, ಅದಾಗದಿದ್ದರೆ ಡಿಜಿ ಓಡುವಾಗ ಸೋಲಾರ್ ಕಳಚಿಡಿ. ಬಿಲ್ ಉಳಿಸಲು ಸೋಲಾರ್ ತುಂಬಾ ಒಳ್ಳೆಯದು, ಜೀವ ಉಳಿಸುವ ಲೆಕ್ಕಕ್ಕೆ ಬ್ಯಾಟರಿ ಇಲ್ಲದ ಸೋಲಾರನ್ನು ಸೇರಿಸಬೇಡಿ.

ನಿವೃತ್ತ ವಿದ್ಯುತ್ ಇಂಜಿನಿಯರ್, ಚಿಂತಾಮಣಿ:

ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಡಿಜಿಯನ್ನು ಬೇಸ್‌ಮೆಂಟ್‌ನಲ್ಲಿ ಇಡಬೇಡಿ, ಡೀಸೆಲ್ ಪಂಪನ್ನೂ ಇಡಬೇಡಿ. 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್‌ನ ದೊಡ್ಡ ಆಸ್ಪತ್ರೆಗಳಲ್ಲಿ ಜನರೇಟರ್ ಮೇಲಿತ್ತು, ಅದಕ್ಕೆ ಡೀಸೆಲ್ ಏರಿಸುವ ಪಂಪ್ ಬೇಸ್‌ಮೆಂಟ್‌ನಲ್ಲಿತ್ತು. ನೀರು ನುಗ್ಗಿತು, ರೋಗಿಗಳನ್ನು ಕತ್ತಲೆಯಲ್ಲಿ ಮೆಟ್ಟಿಲ ಮೇಲೆ ಹೊತ್ತು ಇಳಿಸಬೇಕಾಯಿತು. ನಮ್ಮದು ಬರದ ಸೀಮೆ, ಇಲ್ಲೆಲ್ಲಿ ಪ್ರವಾಹ ಅನ್ನಬೇಡಿ. 2021ರ ನವೆಂಬರ್ ಮಳೆಯಲ್ಲಿ ನಮ್ಮ ಕಡೆ ಕೆರೆಗಳು ಕೋಡಿ ಹರಿದು ರಸ್ತೆ ಮೇಲೆ ನೀರು ಹೋದದ್ದನ್ನು ಎಲ್ಲರೂ ನೋಡಿದ್ದೇವೆ.

ಹೊಗೆ ಕೊಳವೆಯ ಎತ್ತರಕ್ಕೆ ಲೆಕ್ಕ ಇದೆ. ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್, ಕಟ್ಟಡದ ಎತ್ತರಕ್ಕಿಂತ ಮೇಲಿರಬೇಕು. 320ಕ್ಕೆ ಸುಮಾರು ಮೂರೂವರೆ ಮೀಟರ್. ಓಟಿ ಎಎಚ್‌ಯು ಗಾಳಿ ಎಳೆಯುವ ಕಡೆಗೆ ಹೊಗೆ ತಿರುಗದಂತೆ ನೋಡಿ. 2023ರ ಜುಲೈನಿಂದ ಹೊಸ ಡಿಜಿಗಳಿಗೆ ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) 4 ಪ್ಲಸ್ ಹೊಗೆ ನಿಯಮ ಬಂದಿದೆ. ಗೋಡೌನ್‌ನಲ್ಲಿ ಉಳಿದ ಹಳೆಯ ಮಾದರಿಯನ್ನು ಅಗ್ಗಕ್ಕೆ ಕೊಡುತ್ತೇವೆ ಅಂದರೆ ತೆಗೆದುಕೊಳ್ಳಬೇಡಿ. ಚಾಲು ಮಾಡುವ ಮೊದಲು ವಿದ್ಯುತ್ ಪರಿವೀಕ್ಷಣಾಲಯದಿಂದ ಡ್ರಾಯಿಂಗ್ ಒಪ್ಪಿಗೆ ಮತ್ತು ತಪಾಸಣೆ ಎರಡೂ ಆಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಕೊನೆಗೆ ಇಟ್ಟುಕೊಳ್ಳಬೇಡಿ.

ಡೀಸೆಲ್ ಟ್ಯಾಂಕ್ 990 ಲೀಟರ್ ಅಂತ ಎಲ್ಲ ಕಡೆ ಇರುವುದಕ್ಕೆ ಕಾರಣ ಇದೆ. ಒಂದು ಟ್ಯಾಂಕ್ 1000 ಲೀಟರ್, ಒಟ್ಟು ಸಂಗ್ರಹ 2500 ಲೀಟರ್ ಮೀರದಿದ್ದರೆ ಪೆಟ್ರೋಲಿಯಂ ಲೈಸೆನ್ಸ್ ಬೇಕಾಗಿಲ್ಲ. 320ರ ಡಿಜಿ ಮುಕ್ಕಾಲು ಲೋಡ್‌ನಲ್ಲಿ ಗಂಟೆಗೆ ಸುಮಾರು 50 ಲೀಟರ್ ಕುಡಿಯುತ್ತದೆ. 990 ಲೀಟರ್ ಒಂದು ದಿನಕ್ಕೂ ಪೂರ್ತಿ ಸಾಲದು. ಎರಡು ಟ್ಯಾಂಕ್ ಇಟ್ಟು ಕೆಳಗೆ ಕೂತ ನೀರು, ಕೆಸರನ್ನು ಆಗಾಗ ಬಸಿದು ತೆಗೆಯಿರಿ.

ಮಧುಗಿರಿಯ ಓದುಗ:

2022ರಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ಕರೆಂಟ್ ಹೋಗಿ ಐಸಿಯು ರೋಗಿಗಳು ತೀರಿಕೊಂಡರು ಎಂಬ ಆರೋಪದ ವಿಷಯ ಸದನದಲ್ಲೂ ಚರ್ಚೆಯಾಯಿತು, ತನಿಖಾ ಸಮಿತಿಯೂ ಆಯಿತು. ಆಮೇಲೆ ಬೇರೆ ಆಸ್ಪತ್ರೆಗಳು ನಿಜವಾಗಿ ಪರೀಕ್ಷೆ ಮಾಡುತ್ತವೆಯಾ? ರೋಗಿಯ ಕಡೆಯವರು ಏನು ಕೇಳಬಹುದು?

ಚಿಕ್ಕಬಳ್ಳಾಪುರ ಬಯೋಮೆಡಿಕಲ್:

"ಕೊನೆಯ ಸಲ ಮೇನ್ಸ್ ತೆಗೆದು ಪರೀಕ್ಷೆ ಮಾಡಿದ್ದು ಯಾವಾಗ?" ಅಂತ ಕೇಳಿ. ಬಹಳ ಕಡೆ ವಾರಕ್ಕೊಮ್ಮೆ ಡಿಜಿ ಸ್ಟಾರ್ಟ್ ಮಾಡಿ ಐದು ನಿಮಿಷ ಸುಮ್ನೆ ಓಡಿಸಿ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಎಂಜಿನ್ ತಿರುಗುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಲೋಡ್ ಹೊರುತ್ತದೆಯಾ, ಚೇಂಜ್‌ಓವರ್ ಆಗುತ್ತದೆಯಾ, ಯುಪಿಎಸ್ ಆ ನಡುವೆ ತಡೆಯುತ್ತದೆಯಾ ಗೊತ್ತಾಗುವುದಿಲ್ಲ. ಎನ್‌ಎಫ್‌ಪಿಎ 110 ತಿಂಗಳಿಗೊಮ್ಮೆ ಕನಿಷ್ಠ ಶೇ. 30 ಲೋಡ್‌ನಲ್ಲಿ 30 ನಿಮಿಷ ಓಡಿಸಲು ಹೇಳುತ್ತದೆ. ನಮ್ಮಲ್ಲೂ ವಾರ್ಡ್‌ಗಳಿಗೆ ಮೊದಲೇ ತಿಳಿಸಿ, ಮೇನ್ ಬ್ರೇಕರ್ ತೆಗೆದು, ಗಡಿಯಾರ ಹಿಡಿದು ನೋಡಬೇಕು. ಸ್ಟಾರ್ಟಿಂಗ್ ಬ್ಯಾಟರಿಯನ್ನೂ ಮರೆಯಬೇಡಿ. ಇಷ್ಟು ದೊಡ್ಡ ಮಷಿನ್ ಸ್ಟಾರ್ಟ್ ಆಗದೆ ನಿಲ್ಲುವುದು ಹೆಚ್ಚಾಗಿ ಆ ಬ್ಯಾಟರಿಯಿಂದಲೇ.

ತುಮಕೂರು ಮೆಂಟೆನೆನ್ಸ್:

ಆಡಳಿತದವರ ಜೊತೆ ಕೂತು ಮಾತಾಡಿದೆ. ಬಿಲ್‌ಗಳಲ್ಲಿ ಗರಿಷ್ಠ ಬೇಡಿಕೆ ಬೇಸಿಗೆಯಲ್ಲೂ 400 ದಾಟಿಲ್ಲ ಅಂತ ತೋರಿಸಿದ ಮೇಲೆ ಎರಡು 320ಕ್ಕೆ ಒಪ್ಪಿದರು. ಯುಪಿಎಸ್ ಬ್ಯಾಟರಿ ಆರ್ಡರ್ ಈಗಲೇ ಹೋಗುತ್ತಿದೆ, ಡಿಜಿಗೆ ಕಾಯುವುದಿಲ್ಲ. ಐಸಿಯು ಬದಲಾವಣೆ ಭಾನುವಾರ ಬೆಳಗ್ಗೆ ಅಂತ ನಿಗದಿ, ಆ ದಿನ ಯಾರು ಯಾವ ಹಾಸಿಗೆ ಪಕ್ಕ ನಿಲ್ಲಬೇಕು ಅನ್ನುವುದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರೇ ಬರೆದು ಕೊಡುತ್ತಾರೆ. ಹಳೆಯ 250ನ್ನು ಮಾರಿಬಿಡೋಣ ಅನ್ನುತ್ತಿದ್ದಾರೆ, ನನಗೆ ಇಷ್ಟವಿಲ್ಲ. ಏನಂತೀರಿ?

ಕೋಲಾರದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್:

ಈಗಲೇ ಮಾರಬೇಡಿ. ಹೊಸದರ ಮೇಲೆ ಒಂದು ಮಳೆಗಾಲ ಕಳೆಯಲಿ. ಹಳೆಯದನ್ನು ಸರ್ವೀಸ್ ಮಾಡಿಸಿ, ಐಸಿಯು ಯುಪಿಎಸ್ ಪ್ಯಾನೆಲ್ ಪಕ್ಕ ಒಂದು ಕೈ ಚೇಂಜ್‌ಓವರ್ ಇಟ್ಟು ಅದಕ್ಕೆ ಬೇರೆ ದಾರಿಯಿಂದ ಕೇಬಲ್ ತನ್ನಿ. ಹೊಸ ಕೇಬಲ್ ಹೋದ ಅದೇ ಡಕ್ಟ್‌ನಲ್ಲಿ ಬೇಡ, ಅಲ್ಲಿ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ. ಪ್ಯಾನೆಲ್ ಡ್ರಾಯಿಂಗ್ ಬಂದ ಮೇಲೆ ಆಸ್ಪತ್ರೆ ಹೆಸರು ತೆಗೆದು ಇಲ್ಲೇ ಹಾಕಿ ಸಾರ್. ನ್ಯೂಟ್ರಲ್ ಮತ್ತು ಅರ್ಥಿಂಗ್ ಹಾಳೆ ಮೊದಲು ನೋಡುತ್ತೇನೆ.

ಐಸಿಯು ಸಿಸ್ಟರ್, ತುಮಕೂರು:

ಸಾಕೆಟ್ ನಂಬರ್ ಹಾಕಲು ಬರುವ ದಿನ ಹಿಂದಿನ ದಿನವೇ ತಿಳಿಸಿ ಅಣ್ಣ. ಸಂಬಂಧಿಕರನ್ನು ಹೊರಗೆ ಕೂರಿಸಿ, ಒಂದೊಂದು ಹಾಸಿಗೆ ಖಾಲಿಯಾದ ಹಾಗೆ ಮಾಡಿಕೊಂಡು ಹೋಗೋಣ.